ಪದ ಪರಿಚಯ: ‘ರೆಟ್ರೋ’ ಅಂದರೆ ಹಳೇದಲ್ಲ

ಬಳ್ಳಾರಿಯ ಹೊಸಪೇಟೆ ರಸ್ತೆ ಕಡೆ ನಾನು ಹೋಗುವ ಗ್ಯಾರೇಜಿನ ಹಿಂಗೋಡೆಗೆ ಒತ್ತಿಕೊಂಡು ಒಂದು ಹಳೇ ಕಾಂಟೆಸ್ಸಾ ಕಾರು ನಿಂತು ವರ್ಷಗಳಾದವು. ಬಣ್ಣ ಬಿಳಿಯದು ಅಂತ ಮೇಸ್ತ್ರಿ ಹೇಳುತ್ತಾರೆ. ಬಾನೆಟ್ ಮೇಲೆ ಬೆರಳು ಎಳೆದರೆ ಮಾತ್ರ ಅದು ನಿಜ ಅಂತ ಗೊತ್ತಾಗುತ್ತದೆ. ಮೇಲಿನದೆಲ್ಲ ಅದಿರು ಲಾರಿಗಳು ಹಂಚಿಹೋದ ಕೆಂಪು ಧೂಳು. ಹೋದ ತಿಂಗಳು ಕ್ಲಚ್ ಪ್ಲೇಟ್ ಹಾಕಿಸಲು ಹೋದಾಗ ಮೇಸ್ತ್ರಿಯ ತಂಗಿಯ ಮಗ, ಡಿಪ್ಲೊಮಾ ಓದುವ ಹುಡುಗ, ಮೊಬೈಲಿನಲ್ಲಿ ತಾನೇ ಬಿಡಿಸಿದ ‘2030ರ ಕಾಂಟೆಸ್ಸಾ’ ತೋರಿಸುತ್ತಿದ್ದ.

“ಮಾಮಾ, ಫುಲ್ ರೆಟ್ರೋ!”

“ರೆಟ್ರೋ ಅಂದ್ರೆ ಏನಲೇ, ಹಳೇದಾ?”

“ಹಳೇದಲ್ಲ ಮಾಮಾ, ಹೊಸದು. ಹಳೇದರ ಥರ.”

“ಹಳೇದು ಇಲ್ಲೇ ನಿಂತೈತಲ್ಲ, ತೊಳದ್ರೆ ಆತು.”

ಮೇಸ್ತ್ರಿ ತಮಾಷೆಗೆ ಅಂದದ್ದು. ಆದರೂ ಈ ಪದದ ಸುತ್ತ ಇರುವ ಗೊಂದಲವೆಲ್ಲ ಆ ಮಾತಿನಲ್ಲೇ ಇದೆ.

‘ರೆಟ್ರೋ’ ಎಂಬುದರ ಬೇರು ಲ್ಯಾಟಿನ್. ಅರ್ಥ ‘ಹಿಂದಕ್ಕೆ’. ನಮ್ಮಲ್ಲಿ ಇದನ್ನು ವಿಂಟೇಜ್, ಕ್ಲಾಸಿಕ್, ಆಂಟಿಕ್ ಎಲ್ಲದರ ಜೊತೆ ಒಂದೇ ಚೀಲಕ್ಕೆ ತುಂಬುತ್ತೇವೆ. ಸರ್ಕಾರದ ಲೆಕ್ಕದಲ್ಲಿ ವಿಂಟೇಜ್‌ಗೆ ವಯಸ್ಸಿದೆ: ಕೇಂದ್ರ ಸಾರಿಗೆ ಸಚಿವಾಲಯದ 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ಆ ಹೆಸರು, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಕಾಂಟೆಸ್ಸಾ ಮಾರಾಟಕ್ಕೆ ಬಂದದ್ದೇ 1984ರಲ್ಲಿ. ಅಂದರೆ ಗ್ಯಾರೇಜಿನ ಹಿಂದೆ ನಿಂತ ಮುದುಕ ಇನ್ನೂ ಕಾನೂನು ಪ್ರಕಾರ ಮುದುಕನಲ್ಲ. ಕ್ಲಾಸಿಕ್ ಎಂಬುದು ಜನ ಮೆಚ್ಚಿ ಕೊಡುವ ಪದವಿ, ಅದಕ್ಕೆ ಆರ್‌ಟಿಒ ಬೇಕಿಲ್ಲ. ರೆಟ್ರೋ ಈ ಎರಡೂ ಅಲ್ಲ. ನಿನ್ನೆ ಶೋರೂಮಿನಿಂದ ಇಳಿದ, ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆಯದ ಗಾಡಿ ಮಾತ್ರ ರೆಟ್ರೋ ಆಗಲು ಸಾಧ್ಯ. ಹಳೆಯದನ್ನು ನೆನಪಿಸಬೇಕಾದರೆ ಮೊದಲು ತಾನು ಹಳೆಯದಾಗಿರಬಾರದು.

ಹಳೇ ಗಾಡಿಯ ಮೈ ಉಳಿಸಿಕೊಂಡು ಒಳಗೆ ಹೊಸ ಎಂಜಿನ್, ಬ್ರೇಕ್ ಕೂರಿಸುವುದಕ್ಕೆ ‘ರೆಸ್ಟೋಮಾಡ್’ ಅನ್ನುತ್ತಾರೆ. ರೆಟ್ರೋದ್ದು ಇದರ ತಿರುವು: ಒಳಗೂ ಹೊಸದು, ಹೊರಗೂ ಹೊಸದು, ಚಹರೆ ಮಾತ್ರ ಅಜ್ಜನದು. ರೆಸ್ಟೋಮಾಡ್ ಆಸೆಯವರು ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೇದು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮನಬಂದಂತೆ ಬದಲಿಸುವುದಕ್ಕೆ ಅದು ತಡೆ ಹಾಕುತ್ತದೆ.

ಈ ಪದ ಬಳ್ಳಾರಿಯವರಿಗೆ ಸಲೀಸಾಗಿ ಅರ್ಥವಾಗಬೇಕು, ಯಾಕೆಂದರೆ ನಮ್ಮದು ಜೀನ್ಸ್ ಹೊಲಿಯುವ ಊರು. ಅಗಲ ಕಾಲಿನ ಪ್ಯಾಂಟು ಹೋಯಿತು, ಕಾಲಿಗೆ ಅಂಟಿಕೊಳ್ಳುವ ಪ್ಯಾಂಟು ಬಂತು, ಈಗ ಅಗಲದ್ದು ಮತ್ತೆ ಬಂದಿದೆ. ಹಾಗಂತ ಗೋಡೆಯ ಮೊಳೆಗೆ ನೇತುಹಾಕಿದ ಹಳೇ ಬೆಲ್‌ಬಾಟಮ್ ಪ್ಯಾಟರ್ನ್ ತೆಗೆದು ಹಾಗೇ ಕತ್ತರಿಸಿದರೆ ಕೆಲಸ ಕೆಟ್ಟಂತೆ. ಅದು ಎಳೆದರೂ ಹಿಗ್ಗದ ದಪ್ಪ ಡೆನಿಮ್‌ಗೆ ಮಾಡಿದ ಅಳತೆ. ಈಗಿನ ಬಟ್ಟೆ ಹಿಗ್ಗುತ್ತದೆ. ಸೊಂಟ, ತೊಡೆ ಎಲ್ಲ ಮತ್ತೆ ಲೆಕ್ಕ ಹಾಕಬೇಕು. ಮಂಡಿಯಿಂದ ಕೆಳಗೆ ಬಿಚ್ಚಿಕೊಳ್ಳುವ ಆ ಗೆರೆ ಒಂದನ್ನು ಬಿಟ್ಟರೆ ಹಳೆಯದು ಅನ್ನಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಆ ಒಂದು ಗೆರೆಗೇ ಜನ ದುಡ್ಡು ಕೊಡುವುದು.

ಜೀನ್ಸಿನ ಬಲಗಡೆ ಜೇಬಿನೊಳಗೆ ಇನ್ನೊಂದು ಪುಟ್ಟ ಜೇಬಿರುತ್ತದೆ ನೋಡಿ. ಸರಪಳಿ ಗಡಿಯಾರ ಇಡುವ ಕಾಲದ್ದು ಅದು. ಮೂಲೆಗಳಲ್ಲಿನ ತಾಮ್ರದ ರಿವೆಟ್‌ಗಳು ಕೂಲಿಕಾರರ ಜೇಬು ಹರಿಯದಿರಲಿ ಅಂತ ಬಂದವು. ಅಮೆರಿಕದಲ್ಲಿ 1873ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇವತ್ತು ಗಡಿಯಾರವೂ ಇಲ್ಲ, ಗಣಿಯಲ್ಲಿ ಪಿಕಾಸಿ ಹಿಡಿಯುವ ಗಿರಾಕಿಯೂ ಇಲ್ಲ. ಆದರೂ ರಿವೆಟ್ ಬಿಟ್ಟು ಹೊಲಿದು ಅಂಗಡಿಗೆ ಕಳಿಸಿ ನೋಡಿ, ‘ಇದು ಜೀನ್ಸಾ?’ ಅಂತ ವಾಪಸ್ ಬರುತ್ತದೆ.

ಕಾರಿನಲ್ಲೂ ಇಂಥ ರಿವೆಟ್‌ಗಳಿವೆ. ಫೋರ್ಡ್ ಮಸ್ಟಾಂಗ್ 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಬಿಡುಗಡೆಯಾಯಿತು. ಉದ್ದ ಬಾನೆಟ್, ಗಿಡ್ಡ ಡಿಕ್ಕಿ, ಹಿಂದೆ ಒಂದೊಂದು ಕಡೆ ಮೂರು ಮೂರು ಪಟ್ಟಿಯ ಕೆಂಪು ದೀಪ, ಹಿಂಚಕ್ರದ ಮುಂದೆ ಮೈಮೇಲೆ ಒಂದು ಗಾಳಿಕಿಂಡಿ. ಆ ಕಿಂಡಿಯಲ್ಲಿ ಗಾಳಿ ಹೋಗುತ್ತಿರಲಿಲ್ಲ. ಹುಟ್ಟಿನಿಂದಲೇ ಅದು ಬರೀ ಅಲಂಕಾರ. 2005ರ ಮಾದರಿಗೆ ಹಳೇ ರೂಪವನ್ನು ಮತ್ತೆ ತಂದಾಗ ಆ ಕಿಂಡಿಯ ಗುರುತೂ ಪಕ್ಕದಲ್ಲಿ ಮೂಡಿತು. ಇಲ್ಲದ ಗಾಳಿಯ ನೆನಪಿಗೆ ಇನ್ನೊಂದು ಇಲ್ಲದ ಗಾಳಿ! ಆಗ ಫೋರ್ಡಿನ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಜೆ ಮೇಸ್ ಈ ದಾರಿಗೆ ‘ರೆಟ್ರೋಫ್ಯೂಚರಿಸಂ’ ಎಂಬ ಹೆಸರು ಹಿಡಿದಿದ್ದರು.

ಆ ಮಸ್ಟಾಂಗ್ ಉಳಿದದ್ದೇ ಅಭಿಮಾನಿಗಳ ಜಗಳದಿಂದ. 1980ರ ದಶಕದಲ್ಲಿ ಅದರ ಜಾಗಕ್ಕೆ ಜಪಾನಿನ ಮಾಜ್ದಾ ಅಡಿಪಾಯದ, ಮುಂಚಕ್ರ ಎಳೆಯುವ ಕಾರೊಂದನ್ನು ತರುವ ಯೋಜನೆ ಕಂಪನಿಯಲ್ಲಿತ್ತು. ಸುದ್ದಿ ಹೊರಬಿದ್ದಿದ್ದೇ ತಡ, ಸಿಟ್ಟಿನ ಪತ್ರಗಳು ರಾಶಿ ಬಿದ್ದವು. ಕೊನೆಗೆ ಆ ಕಾರು ‘ಪ್ರೋಬ್’ ಅಂತ ಬೇರೆ ಹೆಸರಿನಲ್ಲಿ ಹೊರಬಂತು, ಮಸ್ಟಾಂಗ್ ತನ್ನ ಪಾಡಿಗೆ ತಾನು ಉಳಿಯಿತು. ಪ್ರೋಬ್ ಈಗ ಎಷ್ಟು ಜನರಿಗೆ ನೆನಪಿದೆಯೋ. ಮಸ್ಟಾಂಗ್ 2016ರಲ್ಲಿ ಬಲಗಡೆ ಸ್ಟೀರಿಂಗ್ ಹಾಕಿಕೊಂಡು ಭಾರತಕ್ಕೂ ಬಂತು.

ಪೋರ್ಶೆ 911ರ ಕತೆ ಇದಕ್ಕಿಂತ ನಯ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಂಡ ಆ ಕಾರಿಗೆ ಗುಂಡು ಕಣ್ಣು, ಹಿಂದಕ್ಕೆ ಜಾರಿದ ಬೆನ್ನು, ಹಿಂಭಾಗದಲ್ಲಿ ಎಂಜಿನ್. ದಶಕಗಟ್ಟಲೆ ಬದಲಾಗುತ್ತಲೇ ಬಂದರೂ ಜನ ಗುರುತು ತಪ್ಪಲಿಲ್ಲ. 1990ರ ದಶಕದ ಕೊನೆಯಲ್ಲಿ ಖರ್ಚು ಉಳಿಸಲೆಂದು ತಮ್ಮದೇ ಅಗ್ಗದ ಬಾಕ್ಸ್‌ಸ್ಟರ್ ಜೊತೆ ಹೆಡ್‌ಲೈಟ್ ಹಂಚಿಕೊಂಡಾಗ ಗುಂಡು ಕಣ್ಣು ಹೋಗಿ, ಕಿತ್ತಳೆ ಇಂಡಿಕೇಟರ್ ಕೆಳಗಡೆ ಸೋರಿದಂಥ ಆಕಾರ ಬಂತು. ಅಭಿಮಾನಿಗಳು ಅದನ್ನು ‘ಕರಿದ ಮೊಟ್ಟೆ’ ಅಂತ ಕರೆದರು. ಎಂಜಿನ್ ತಣ್ಣಗಾಗುವ ಬಗೆಯೇ ಗಾಳಿಯಿಂದ ನೀರಿಗೆ ಬದಲಾದದ್ದು ಆ ಮಾದರಿಯಲ್ಲಿ. ಅದಕ್ಕೂ ಗೊಣಗಾಟ ಇತ್ತು, ನಿಜ. ಎಂಜಿನ್ನಿಗೆ ಜನ ಕಾಲಕ್ರಮದಲ್ಲಿ ಒಗ್ಗಿಕೊಂಡರು, ಕಣ್ಣಿಗೆ ಒಗ್ಗಲಿಲ್ಲ. 2004ರ ಮಾದರಿಯಲ್ಲಿ ಕಂಪನಿ ಗುಂಡು ಕಣ್ಣನ್ನು ವಾಪಸ್ ತಂದಿತು.

ಹಾಗಾದರೆ ಅಭಿಮಾನಿ ಕೇಳುತ್ತಿರುವುದು ಏನನ್ನು? ಬಾಯಲ್ಲಿ ಕ್ರೋಮು, ಗುಂಡು ದೀಪ, ಹಳೇ ಲಾಂಛನ ಅನ್ನುತ್ತಾನೆ. ನನ್ನ ಪ್ರಕಾರ ಅವನಿಗೆ ಬೇಕಿರುವುದು ಗತ್ತು. ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ಟಾನ್ಸ್’ ಅನ್ನುತ್ತಾರೆ, ನಮ್ಮ ‘ಗತ್ತು’ ಅದಕ್ಕಿಂತ ಚೆನ್ನಾಗಿದೆ. ಕಾರು ನಾಲ್ಕು ಚಕ್ರದ ಮೇಲೆ ಹೇಗೆ ನಿಂತಿದೆ ಎಂಬುದೇ ಗತ್ತು.

ಇದನ್ನು ಅಳೆಯಬಹುದು ಕೂಡ. ಯಾವುದೇ ಕಾರಿನ ಪಕ್ಕಕ್ಕೆ ನಿಂತು ಮುಂಚಕ್ರದ ನಡುಮಧ್ಯದಿಂದ ಬಾಗಿಲಿನ ಮುಂದಂಚಿನವರೆಗೆ ಗೇಣು ಹಾಕಿ. ಎಂಜಿನ್ ಉದ್ದುದ್ದ ಕೂತು ಹಿಂಚಕ್ರವನ್ನು ತಳ್ಳುವ ಕಾರಿನಲ್ಲಿ ಆ ಅಂತರ ಧಾರಾಳ. ಎಂಜಿನ್ ಅಡ್ಡ ಕೂತು ಮುಂಚಕ್ರವನ್ನೇ ತಿರುಗಿಸುವ ಈಗಿನ ಸಾಮಾನ್ಯ ಕಾರಿನಲ್ಲಿ ಚಕ್ರ ಬಾಗಿಲಿಗೆ ಒತ್ತಿಕೊಂಡು ಬಂದಿರುತ್ತದೆ. ಆ ಒಂದು ಗೇಣು ಹೋದರೆ ಎಷ್ಟು ಕ್ರೋಮು ಬಳಿದರೂ ಗತ್ತು ಬರುವುದಿಲ್ಲ.

ಕಾಂಟೆಸ್ಸಾ ಬದುಕಿರುವುದು ಇದೇ ಗೇಣಿನಲ್ಲಿ. ಹೆಸರು ಇಟಾಲಿಯನ್, ಅರ್ಥ ಜಮೀನ್ದಾರಿಣಿಯಂಥ ‘ಕೌಂಟೆಸ್’. ಮೈಕಟ್ಟು 1970ರ ದಶಕದ ಬ್ರಿಟಿಷ್ ವಾಕ್ಸ್‌ಹಾಲ್‌ನದು. ತಯಾರಿಸಿದ್ದು ಅಂಬಾಸಿಡರ್ ಮಾಡುತ್ತಿದ್ದ ಹಿಂದುಸ್ತಾನ್ ಮೋಟಾರ್ಸ್. ಮುಂದೆ ನಾಲ್ಕು ಗುಂಡು ದೀಪ, ಕಪ್ಪು ಗ್ರಿಲ್, ಚಪ್ಪಟೆ ಉದ್ದ ಬಾನೆಟ್. ನೋಡಿದವರು ಅದನ್ನು ಭಾರತದ ಮಸಲ್ ಕಾರ್, ಅಂದರೆ ಕಟ್ಟುಮಸ್ತು ಮೈಯ ಜೋರು ಎಂಜಿನ್ನಿನ ಕಾರು, ಅಂದರು. ಬಾನೆಟ್ ತೆಗೆದರೆ ಶುರುವಿನಲ್ಲಿ ಇದ್ದದ್ದು ಅಂಬಾಸಿಡರಿನದೇ 1.5 ಲೀಟರಿನ, 50 ಅಶ್ವಶಕ್ತಿಯ ಆಸುಪಾಸಿನ ಎಂಜಿನ್. ಮೈ ಪೈಲ್ವಾನನದು, ಉಸಿರು ಬೀಡಿ ಸೇದುವವನದು. ಮುಂದೆ ಜಪಾನಿನ ಇಸುಜು 1.8 ಲೀಟರ್ ಎಂಜಿನ್, ಐದು ಗೇರು ಬಂದಮೇಲೆ ಸ್ವಲ್ಪ ಮಾನ ಉಳಿಯಿತು. 2002ಕ್ಕೆ ತಯಾರಿಕೆ ನಿಂತಿತು. ಹಾಗಿದ್ದೂ ಹುಡುಗರು ಇವತ್ತಿಗೂ ಅದರ ಭವಿಷ್ಯದ ಚಿತ್ರ ಬಿಡಿಸುತ್ತಾರೆ ಅಂದರೆ, ಅವರು ಮರುಳಾದದ್ದು ವೇಗಕ್ಕಲ್ಲ, ನಿಂತ ಭಂಗಿಗೆ. ಈ ಹುಡುಗ ಹುಟ್ಟುವ ಹೊತ್ತಿಗೆ ಅದು ರಸ್ತೆಯಿಂದ ಹೆಚ್ಚುಕಡಿಮೆ ಮರೆಯಾಗಿತ್ತು. ತಾನು ಕಾಣದ ಕಾಲದ ನೆನಪು ಅವನಿಗೆ ಹೇಗೆ ಬಂತು ಅಂತ ನಾನು ಆಗಾಗ ಯೋಚಿಸುತ್ತೇನೆ.

ಹಳೇ ರೂಪವನ್ನು ಇದ್ದಂತೆ ತರಲು ಅಡ್ಡಿಗಳೂ ಇವೆ. ಕಾರು ಡಿಕ್ಕಿ ಹೊಡೆದಾಗ ಪಾದಚಾರಿಯ ತಲೆ ನೇರ ಎಂಜಿನ್ನಿನ ಕಬ್ಬಿಣಕ್ಕೆ ಬಡಿಯಬಾರದೆಂದು ಬಾನೆಟ್ ಮತ್ತು ಎಂಜಿನ್ ನಡುವೆ ಜಾಗ ಬಿಡಬೇಕು. ಹಾಗಾಗಿ ಮೂತಿ ಎತ್ತರವಾಯಿತು. ಉರುಳಿದರೆ ಸೂರು ಕುಸಿಯದಿರಲೆಂದು ಕಂಬಗಳು ದಪ್ಪವಾದವು. ಪಕ್ಕದ ಪೆಟ್ಟು ತಡೆಯಲು ಬಾಗಿಲು ಎತ್ತರಿಸಿದವು, ಕಿಟಕಿ ಕಿರಿದಾದವು. ಗುಂಡಿ ಒತ್ತಿದರೆ ಬಾನೆಟ್‌ನಿಂದ ಎದ್ದು ಬರುತ್ತಿದ್ದ ಹೆಡ್‌ಲೈಟುಗಳು 2004ರ ಹೊತ್ತಿಗೆ ದೊಡ್ಡ ತಯಾರಕರ ಹೊಸ ಕಾರುಗಳಲ್ಲಿ ಇಲ್ಲವಾದವು. ಇವೆಲ್ಲ ಜೀವ ಉಳಿಸುವ ಬದಲಾವಣೆಗಳು, ಜಗಳ ಮಾಡುವಂತಿಲ್ಲ.

ಬ್ಯಾಟರಿ ಕಾರು ಬಂದಮೇಲೆ ಇನ್ನೊಂದು ಪ್ರಶ್ನೆ. ಎಂಜಿನ್ನೇ ಇಲ್ಲದ ಮೇಲೆ ಉದ್ದ ಬಾನೆಟ್ ಯಾಕೆ? ವಿನ್ಯಾಸಕಾರ ಈಗ ಚಕ್ರವನ್ನು ಎಲ್ಲಿ ಬೇಕಾದರೂ ಇಡಬಹುದು, ಅಂದರೆ ಕಳೆದುಹೋದ ಆ ಗೇಣನ್ನು ವಾಪಸ್ ಕೊಡಲೂಬಹುದು. 2019ರಲ್ಲಿ ಫೋರ್ಡ್ ಎತ್ತರದ, ನಾಲ್ಕು ಬಾಗಿಲಿನ ಬ್ಯಾಟರಿ ಗಾಡಿಗೆ ‘ಮಸ್ಟಾಂಗ್ ಮ್ಯಾಕ್-ಇ’ ಅಂತ ಹೆಸರಿಟ್ಟು ಮೂರು ಪಟ್ಟಿಯ ಹಿಂದೀಪವನ್ನೂ ಅಂಟಿಸಿತು. ಗಾಡಿ ಕೆಟ್ಟದ್ದೇನಲ್ಲ. ರಿವೆಟ್ ಇತ್ತು, ಪ್ಯಾಂಟಿನ ಕಟ್ ಇರಲಿಲ್ಲ. ಹಳೇ ಅಭಿಮಾನಿಗಳ ಮುಖ ಗಂಟಿಕ್ಕಿತು. ಇತ್ತ ಫಿಯೆಟ್ 500 ಇದೆ. 1957ರ ಜುಲೈ 4ರಂದು ಬಂದ ಪುಟ್ಟ ಕಾರನ್ನು ಸರಿಯಾಗಿ 50 ವರ್ಷಕ್ಕೆ, 2007ರ ಅದೇ ದಿನ, ಹೊಸದಾಗಿ ತಂದರು. ಹಳೆಯದಕ್ಕೆ ಎಂಜಿನ್ ಹಿಂದೆ, ಹೊಸದಕ್ಕೆ ಮುಂದೆ. ಯಂತ್ರದ ಲೆಕ್ಕದಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ. ಆದರೂ ನೋಡಿದ ಕೂಡಲೇ ‘ಅದೇ’ ಅನ್ನಿಸುತ್ತದೆ. ರೆಟ್ರೋ ಪದಕ್ಕೆ ಒಂದೇ ಉದಾಹರಣೆ ಕೊಡಿ ಅಂದರೆ ನಾನು ಇದನ್ನೇ ಕೊಡುತ್ತೇನೆ.

ಗ್ಯಾರೇಜಿಗೆ ವಾಪಸ್ ಬರೋಣ. ಅಷ್ಟರಲ್ಲಿ ಒಗ್ಗರಣೆ-ಮಿರ್ಚಿ ಬಂದಿತ್ತು. ಮೇಸ್ತ್ರಿ ಕೈ ಒರೆಸಿಕೊಂಡು ಮೊಬೈಲು ಇಸಿದುಕೊಂಡರು. ಮೊದಲು ಹೆಬ್ಬೆರಳಿನಿಂದ ಚಿತ್ರದಲ್ಲಿದ್ದ ಹೆಸರನ್ನು ಮುಚ್ಚಿದರು, ಆಮೇಲೆ ದೀಪಗಳನ್ನು ಮುಚ್ಚಿದರು. ಉಳಿದ ಮೈಯನ್ನು ನೋಡಿ, ಹಿಂದಿನ ಗೋಡೆ ಕಡೆ ಒಮ್ಮೆ ನೋಡಿ, “ಪರವಾಗಿಲ್ಲ ಕಣಲೇ, ಐತೆ” ಅಂದರು. ಹುಡುಗನ ಮುಖ ಅರಳಿತು.

“ಆದ್ರೆ ಕಿಟಕಿ ಯಾಕೋ ಮ್ಯಾಲಕ್ಕೆ ಹೋಗೈತಲ್ಲ. ಮೊಣಕೈ ಎಲ್ಲಿ ಇಡೋದು?”

“ಈ ಬಿಸಿಲಾಗೆ ಯಾರು ಮಾಮಾ ಗ್ಲಾಸ್ ಇಳಿಸ್ತಾರೆ? ಎಸಿ ಇರತೈತೆ.”

“ನಾನು ಇಳಿಸ್ತೀನಿ,” ಅಂದ ಮೇಸ್ತ್ರಿ ಮೊಬೈಲು ವಾಪಸ್ ಕೊಟ್ಟು ಮಿರ್ಚಿ ಮುರಿದರು.

ಹುಡುಗ ಅಲ್ಲೇ ಟೈರಿನ ಮೇಲೆ ಕೂತು ಕಿಟಕಿಯ ಗೆರೆಯನ್ನು ಬೆರಳಿನಿಂದ ಕೆಳಗೆ ಎಳೆಯತೊಡಗಿದ.