ಸೋಪಿನ ರೆಸಿಪಿ ನಂಬುವ ಮೊದಲು ಗ್ರಾಂ ಲೆಕ್ಕ ಕೇಳಿ

ಕಾಸ್ಟಿಕ್ ಸೋಡಾ ಇಲ್ಲದೆ ಮನೆಯಲ್ಲೇ ನೈಸರ್ಗಿಕ ಸೋಪು ಮಾಡಿ ಎಂದು ಯಾರಾದರೂ ಹೇಳಿಕೊಟ್ಟರೆ ಅಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆದಿರುತ್ತದೆ. ಅಂಗಡಿಯ ಸೋಪನ್ನೇ ತುರಿದು, ಕರಗಿಸಿ, ಬೇವಿನ ಸೊಪ್ಪಿನ ರಸ ಬೆರೆಸಿ ಮತ್ತೆ ಅಚ್ಚಿಗೆ ಹಾಕಿರುತ್ತಾರೆ. ಇಲ್ಲವೇ ಸೋಪ್ ಬೇಸ್ ಎಂದು ಮಾರುವ ಗಟ್ಟಿಯನ್ನು ತಂದು ಅದೇ ಕೆಲಸ ಮಾಡಿರುತ್ತಾರೆ. ಆ ಗಟ್ಟಿ ನಿಜವಾದ ಸೋಪೇ ಆಗಿದ್ದರೆ ಕಾಸ್ಟಿಕ್ ಸೋಡಾದ ಕೆಲಸ ಫ್ಯಾಕ್ಟರಿಯಲ್ಲಿ ಮೊದಲೇ ಮುಗಿದಿರುತ್ತದೆ. ಇದು ತಪ್ಪು ಅಂತಲ್ಲ. ಮಕ್ಕಳ ಜೊತೆ ಕೂತು ಮಾಡುವುದಾದರೆ ಇದೇ ಸುರಕ್ಷಿತ ದಾರಿ. ಆದರೆ ಎಣ್ಣೆಯಿಂದ ಗಟ್ಟಿ ಸೋಪು ಮಾಡಬೇಕೆಂದರೆ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಬೇಕೇ ಬೇಕು (ಈ ಬರಹದಲ್ಲಿ ಬರೀ ಸೋಡಾ ಎಂದರೆ ಇದೇ). ಇದನ್ನು ಮುಚ್ಚಿಡುವ ಮಾಹಿತಿಯನ್ನು ಅಲ್ಲಿಗೇ ಬಿಟ್ಟುಬಿಡಿ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈಗ ಗಾಣದ ಎಣ್ಣೆ ಸುಲಭವಾಗಿ ಸಿಗುತ್ತದೆ, ಶೇಂಗಾ ನಮ್ಮಲ್ಲೇ ಬೆಳೆಯುತ್ತದೆ, ಬೇವಿನ ಮರ ಊರೂರಲ್ಲಿದೆ. ಹೀಗಾಗಿ ಮನೆಯಲ್ಲಿ ಸೋಪು ಮಾಡುವ ಆಸೆ ಹುಟ್ಟುವುದು ಸಹಜ. ಹುಡುಕಿದರೆ ನೂರೆಂಟು ರೆಸಿಪಿ ಸಿಗುತ್ತವೆ. ಯಾವುದನ್ನು ನಂಬುವುದು? ನನ್ನ ಉತ್ತರ ಒಂದೇ. ಹೇಳುವವರು ಎಷ್ಟು ಪ್ರಸಿದ್ಧರು ಎನ್ನುವುದು ಮುಖ್ಯವಲ್ಲ, ಅವರು ಕೊಟ್ಟ ತೂಕವನ್ನು ನೀವು ಕಾಗದದ ಮೇಲೆ ಲೆಕ್ಕ ಹಾಕಿ ಪರೀಕ್ಷಿಸಲು ಸಾಧ್ಯವಿರಬೇಕು. ಸೋಪಿನ ವಿಷಯದಲ್ಲಿ ಅದು ಸಾಧ್ಯವಿದೆ, ಹತ್ತನೇ ಕ್ಲಾಸಿನ ಗಣಿತ ಸಾಕು.

ಎಣ್ಣೆಯ ಒಂದೊಂದು ಅಣುವೂ ಒಂದು ಗ್ಲಿಸರಿನ್‌ಗೆ ಮೂರು ಕೊಬ್ಬಿನಾಮ್ಲದ ಸರಪಳಿಗಳು ಅಂಟಿಕೊಂಡಂತೆ ಇರುತ್ತದೆ. ಕಾಸ್ಟಿಕ್ ಸೋಡಾ ಆ ಮೂರನ್ನೂ ಬಿಡಿಸುತ್ತದೆ. ಬಿಡಿಸಿಕೊಂಡ ಸರಪಳಿ ಸೋಡಿಯಂ ಜೊತೆ ಸೇರಿ ಸೋಪಾಗುತ್ತದೆ, ಗ್ಲಿಸರಿನ್ ಪಕ್ಕಕ್ಕೆ ಉಳಿಯುತ್ತದೆ. ಜನ ಸಾವಿರಾರು ವರ್ಷದಿಂದ ಸೋಪು ಮಾಡಿದ್ದರೂ ಒಳಗೆ ಏನು ನಡೆಯುತ್ತದೆ ಎಂದು ಸ್ಪಷ್ಟವಾಗಿ ತೋರಿಸಿದ್ದು ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರಲ್, ಅವರ ಸಂಶೋಧನೆ ಪುಸ್ತಕವಾಗಿ ಬಂದಿದ್ದು 1823ರಲ್ಲಿ. ಒಂದು ಎಣ್ಣೆ ಅಣುವಿಗೆ ಮೂರು ಸೋಡಿಯಂ ಹೈಡ್ರಾಕ್ಸೈಡ್, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಸೋಡಾ ಕಡಿಮೆಯಾದರೆ ಎಣ್ಣೆ ಉಳಿಯುತ್ತದೆ, ಅದರಿಂದ ಹಾನಿಯಿಲ್ಲ. ಜಾಸ್ತಿಯಾದರೆ ಕಾಸ್ಟಿಕ್ ಸೋಡಾ ಸೋಪಿನೊಳಗೇ ಉಳಿದು ಚರ್ಮ ಸುಡುತ್ತದೆ.

ಹಾಗಾದರೆ ಎಷ್ಟು ಹಾಕಬೇಕು? ಪ್ರತಿ ಎಣ್ಣೆಗೂ ಸಾಬೂನೀಕರಣ ಸಂಖ್ಯೆ ಅಂತ ಒಂದು ಅಂಕಿ ಇದೆ. ಆಹಾರ ಗುಣಮಟ್ಟದ ಪಟ್ಟಿಗಳಲ್ಲೂ ಎಣ್ಣೆಯ ಶುದ್ಧತೆ ನೋಡಲು ಇದೇ ಅಂಕಿಯನ್ನು ಬಳಸುತ್ತಾರೆ. ಈ ಅಂಕಿ ಕೊಬ್ಬರಿ ಎಣ್ಣೆಗೆ ಸುಮಾರು 257, ಶೇಂಗಾ ಎಣ್ಣೆಗೆ ಸುಮಾರು 190, ಔಡಲ ಎಣ್ಣೆಗೆ ಸುಮಾರು 180. ಇದು 1 ಗ್ರಾಂ ಎಣ್ಣೆಗೆ ಬೇಕಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಮೆತ್ತನೆ ಸೋಪಿಗೆ ಬಳಸುವ ಕ್ಷಾರ), ಮಿಲಿಗ್ರಾಂನಲ್ಲಿ. ಗಟ್ಟಿ ಸೋಪಿಗೆ ನಾವು ಬಳಸುವುದು ಸೋಡಿಯಂ ಹೈಡ್ರಾಕ್ಸೈಡ್, ಅದರ ಅಣು ಹಗುರ. ಆದ್ದರಿಂದ ಈ ಅಂಕಿಯನ್ನು 0.713ರಿಂದ ಗುಣಿಸಬೇಕು. ಮಿಲಿಗ್ರಾಂ ಗ್ರಾಂ ಆಗಲು 1000ದಿಂದ ಭಾಗಿಸಿದರೆ ಒಂದು ಗ್ರಾಂ ಎಣ್ಣೆಗೆ ಕೊಬ್ಬರಿಗೆ 0.183, ಶೇಂಗಾಕ್ಕೆ 0.136, ಔಡಲಕ್ಕೆ 0.128 ಗ್ರಾಂ ಬರುತ್ತದೆ. ಈ ಗುಣಾಕಾರವನ್ನು ಮರೆತು ಪಟ್ಟಿಯ ಅಂಕಿಯನ್ನೇ ಕಾಸ್ಟಿಕ್ ಸೋಡಾಕ್ಕೆ ಬಳಸಿದರೆ ಸೋಡಾ 40% ಜಾಸ್ತಿಯಾಗುತ್ತದೆ. ಒಂದು ರೆಸಿಪಿ ಸುಳ್ಳೋ ನಿಜವೋ ಎಂದು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕೊಬ್ಬರಿಗೆ ಇಷ್ಟೊಂದು ಜಾಸ್ತಿ ಯಾಕೆ? ಕೊಬ್ಬರಿ ಎಣ್ಣೆಯ ಹತ್ತಿರ ಹತ್ತಿರ ಅರ್ಧ ಭಾಗ ಲಾರಿಕ್ ಆಮ್ಲ, ಅದರ ಸರಪಳಿಯಲ್ಲಿ 12 ಕಾರ್ಬನ್ ಮಾತ್ರ. ಶೇಂಗಾ ಎಣ್ಣೆಯಲ್ಲಿ ಹೆಚ್ಚಿನವು 18 ಕಾರ್ಬನ್‌ನ ಉದ್ದ ಸರಪಳಿಗಳು. ಅಣು ಚಿಕ್ಕದಾದಷ್ಟೂ ಒಂದು ಗ್ರಾಂನಲ್ಲಿ ಅಣುಗಳು ಜಾಸ್ತಿ, ಅವುಗಳನ್ನು ಬಿಡಿಸಲು ಸೋಡಾನೂ ಜಾಸ್ತಿ. ಹಾಗಾಗಿ ಕೊಬ್ಬರಿ ಎಣ್ಣೆಗೆ ಬರೆದ ರೆಸಿಪಿಯಲ್ಲಿ "ಬೇಕಾದರೆ ಬೇರೆ ಎಣ್ಣೆ ಹಾಕಿಕೊಳ್ಳಿ" ಎಂದಿದ್ದರೆ ಅದು ಅಪಾಯದ ಮಾತು. 500 ಗ್ರಾಂ ಕೊಬ್ಬರಿ ಎಣ್ಣೆಗೆ 91.5 ಗ್ರಾಂ ಸೋಡಾ ಹಿಡಿಯುತ್ತದೆ, ಅಷ್ಟೇ ಶೇಂಗಾ ಎಣ್ಣೆಗೆ 68 ಸಾಕು. ಉಳಿದ 23.5 ಗ್ರಾಂ ಎಲ್ಲಿಗೆ ಹೋಗಬೇಕು? ನಿಮ್ಮ ಮೈಗೇ ಅಲ್ವಾ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ಶೇಂಗಾ ಎಣ್ಣೆ 250 ಗ್ರಾಂ, ಕೊಬ್ಬರಿ 200, ಔಡಲ 50. ಸೋಡಾ ಕ್ರಮವಾಗಿ 34, 36.6 ಮತ್ತು 6.4, ಒಟ್ಟು 77 ಗ್ರಾಂ. ಇದರಲ್ಲಿ 5% ಬಿಟ್ಟುಬಿಡುತ್ತಾರೆ, ಸ್ವಲ್ಪ ಎಣ್ಣೆ ಉಳಿದು ಸೋಪು ಮೃದುವಾಗಿರಲಿ, ತೂಕದಲ್ಲಿ ಸಣ್ಣ ಏರುಪೇರಾದರೂ ಸೋಡಾ ಮಿಗದಿರಲಿ ಎಂದು. ಉಳಿಯುವುದು ಸುಮಾರು 73 ಗ್ರಾಂ. ಅದನ್ನು ಕರಗಿಸಲು ಎರಡು ಪಟ್ಟು ನೀರು, 146 ಗ್ರಾಂ. ಇಂಟರ್ನೆಟ್‌ನಲ್ಲಿ ಈ ಲೆಕ್ಕ ಮಾಡಿಕೊಡುವ ಕ್ಯಾಲ್ಕ್ಯುಲೇಟರ್‌ಗಳು ಬೇಕಾದಷ್ಟಿವೆ. ಬಳಸಿ, ಆದರೆ ಎರಡರಲ್ಲಿ ಹಾಕಿ ನೋಡಿ, ಆಮೇಲೆ ಕೈಯಲ್ಲೂ ಒಮ್ಮೆ ಲೆಕ್ಕ ಹಾಕಿ.

ಕಪ್, ಚಮಚದ ಅಳತೆಯ ರೆಸಿಪಿಗಳನ್ನು ಮುಟ್ಟಬೇಡಿ. ಚೂರುಚೂರಾಗಿರುವ ಕಾಸ್ಟಿಕ್ ಸೋಡಾ ಒಂದು ಚಮಚಕ್ಕೆ ಒಂದು ತೂಕ, ಕಾಳುಕಾಳಾಗಿರುವುದು ಇನ್ನೊಂದು ತೂಕ. ಲೀಟರ್ ಕೂಡ ಮೋಸ ಮಾಡುತ್ತದೆ. 1 ಲೀಟರ್ ಶೇಂಗಾ ಎಣ್ಣೆಯ ತೂಕ ಸುಮಾರು 910 ಗ್ರಾಂ. ಅದನ್ನು 1 ಕೆಜಿ ಎಂದು ಹಿಡಿದು ಸೋಡಾ ಹಾಕಿದರೆ, 5% ಬಿಟ್ಟಿದ್ದರೂ, ಕೊನೆಗೆ 4% ಜಾಸ್ತಿಯೇ ಆಗಿರುತ್ತದೆ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಮೊದಲು ದುಡ್ಡು ಹಾಕಿ, ಸುಗಂಧದ ಎಣ್ಣೆ ಆಮೇಲೆ.

ರೆಸಿಪಿಯಲ್ಲಿ ಬರೀ "ಸೋಡಾ" ಎಂದು ಬರೆದಿದ್ದರೂ ಅನುಮಾನ ಪಡಿ. ಅಡುಗೆ ಸೋಡಾ, ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಮೂರೂ ಬೇರೆ ಬೇರೆ ವಸ್ತುಗಳು. ಮೊದಲ ಎರಡರಿಂದ ಈ ರೀತಿ ಸೋಪು ಆಗುವುದಿಲ್ಲ. ಕಟ್ಟಿದ ಸಿಂಕ್ ಬಿಡಿಸಲು ಮಾರುವ ಪುಡಿಯೂ ಬೇಡ, ಅದರಲ್ಲಿ ಬೇರೆ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. 98% ಅಥವಾ ಅದಕ್ಕಿಂತ ಶುದ್ಧ ಎಂದು ಬರೆದಿರುವ, ಗಾಳಿಯಾಡದಂತೆ ಮುಚ್ಚಿದ ಡಬ್ಬಿ ಕೊಳ್ಳಿ. ತೆರೆದಿಟ್ಟ ಕಾಸ್ಟಿಕ್ ಸೋಡಾ ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗುತ್ತದೆ, ಆಗ 73 ಗ್ರಾಂ ತೂಗಿದರೂ ಅದರಲ್ಲಿ ಸೋಡಾ 73 ಗ್ರಾಂ ಇರುವುದಿಲ್ಲ.

ಬೂದಿ ನೀರಿನಿಂದ ಮಾಡಿದರೆ ಪೂರ್ತಿ ನೈಸರ್ಗಿಕ ಎನ್ನುವ ಸಲಹೆಯೂ ಓಡಾಡುತ್ತಿದೆ. ಬೂದಿ ನೀರಿನಲ್ಲಿ ಕರಗಿರುವುದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್. ಸುಣ್ಣದ ಜೊತೆ ಸೇರಿಸಿದರೆ ಅದು ಕಾಸ್ಟಿಕ್ ಆಗುತ್ತದೆ, ಅದರಿಂದ ಬರುವುದು ಮೆತ್ತನೆ ಸೋಪು. ಹಿಂದೆ ಬಟ್ಟೆ ಒಗೆಯಲು ಸವಳು ಮಣ್ಣು ಬಳಸುತ್ತಿದ್ದರು, ಅದರಲ್ಲಿರುವ ಸೋಡಿಯಂ ಕಾರ್ಬೊನೇಟ್ ಕೂಡ ಸುಣ್ಣದ ಜೊತೆ ಹೀಗೇ ವರ್ತಿಸುತ್ತದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆ ನೀರು ನಿಂತ ಹೊಲಗಳಲ್ಲಿ ಬಿಳಿ ಪದರ ಏಳುವುದನ್ನು ನೋಡಿರುತ್ತೀರಿ. ಅದೂ ಸವಳೇ, ಅದರಲ್ಲಿ ಹಲವು ಉಪ್ಪುಗಳು ಬೆರೆತಿರುತ್ತವೆ. ಈ ರಸಾಯನಶಾಸ್ತ್ರ ನನಗೆ ಬಹಳ ಇಷ್ಟ, ಆದರೆ ಮೈಗೆ ಹಚ್ಚುವ ಸೋಪಿಗೆ ಬೂದಿ, ಸವಳು ಎರಡೂ ಬೇಡ ಅಂತಲೇ ಹೇಳುತ್ತೇನೆ. ಅವುಗಳ ಬಲ ಎಷ್ಟು ಎಂದು ಗೊತ್ತಾಗುವುದಿಲ್ಲ, ಬಲ ಗೊತ್ತಿಲ್ಲದೆ ಮೇಲಿನ ಲೆಕ್ಕ ನಡೆಯುವುದಿಲ್ಲ. ರಾಸಾಯನಿಕವೇ ಬೇಡ ಎನ್ನುವವರಿಗೆ ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು ಇವೆ. ಸೀಗೆ ಮತ್ತು ಅಂಟುವಾಳದ ನೊರೆ ಸಪೋನಿನ್ ಎಂಬ ವಸ್ತುವಿನದು, ಅದಕ್ಕೆ ಸೋಡಾ ಬೇಕಿಲ್ಲ. ಆದರೆ ಕಣ್ಣಿಗೆ ಬಿದ್ದರೆ ಅದೂ ಉರಿಯುತ್ತದೆ.

ಎಣ್ಣೆ ಕೊಳ್ಳುವಾಗ ಒಂದು ಎಚ್ಚರಿಕೆ. ಶೇಂಗಾ ಎಣ್ಣೆಯಲ್ಲಿ ಸ್ವಲ್ಪ ಹತ್ತಿಕಾಳು ಎಣ್ಣೆಯೋ ಸೂರ್ಯಕಾಂತಿಯೋ ಬೆರೆತಿದ್ದರೆ ಸೋಡಾದ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ, ಅವುಗಳ ಅಂಕಿ ಹತ್ತಿರ ಹತ್ತಿರವೇ ಇದೆ. ಆದರೆ ತಲೆಗೆ ಹಚ್ಚುವ ಘಮಘಮ ಎಣ್ಣೆಗಳಲ್ಲಿ ಎಷ್ಟೋ ಬಾರಿ ಲಿಕ್ವಿಡ್ ಪ್ಯಾರಾಫಿನ್ ಇರುತ್ತದೆ. ಅದು ಪೆಟ್ರೋಲಿಯಂನಿಂದ ಬಂದದ್ದು, ಸೋಪೇ ಆಗುವುದಿಲ್ಲ. ಅದನ್ನು ಕೊಬ್ಬರಿ ಎಣ್ಣೆ ಎಂದು ಲೆಕ್ಕ ಹಾಕಿದರೆ ಸೋಡಾ ಮಿಗುತ್ತದೆ. ಅಡುಗೆಯ ಕೊಬ್ಬರಿ ಎಣ್ಣೆಯನ್ನೇ ತನ್ನಿ. ಕುಸುಬಿ, ಸೂರ್ಯಕಾಂತಿ ಎಣ್ಣೆಯಲ್ಲೇ ಪೂರ್ತಿ ಸೋಪು ಮಾಡಬೇಡಿ. ಸೋಪು ಮೆತ್ತಗಾಗುತ್ತದೆ, ನಮ್ಮ ಬಿಸಿಲಿಗೆ ಬೇಗ ಮುಗ್ಗಲು ವಾಸನೆ ಬಂದು ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತವೆ.

ತಂಪು ದೇಶದವರು ಬರೆದ ಪುಸ್ತಕಗಳನ್ನು ಓದುವಾಗ ನಮ್ಮ ಊರಿನ ಹವೆಯನ್ನೂ ಸೇರಿಸಿಕೊಂಡು ಓದಬೇಕು. ಅಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದೆ, ಮೊದಲು ಕರಗಿಸಿ ಎನ್ನುತ್ತಾರೆ. ಅದು ಕರಗುವುದು 24-25 ಡಿಗ್ರಿಗೆ, ಬಳ್ಳಾರಿಯಲ್ಲಿ ವರ್ಷದ ಬಹುಪಾಲು ದಿನ ಅದು ಎಣ್ಣೆಯಾಗಿಯೇ ಇರುತ್ತದೆ. ಅಚ್ಚಿಗೆ ಹಾಕಿದ ಮೇಲೆ ಕಂಬಳಿ ಹೊದಿಸಿ ಎನ್ನುತ್ತಾರೆ. ರಾಯಚೂರಿನ ಏಪ್ರಿಲ್‌ನಲ್ಲಿ, ಹೊರಗೆ 40 ಡಿಗ್ರಿ ದಾಟಿರುವಾಗ, ಹಾಲೋ ಬೆಲ್ಲವೋ ಸೇರಿಸಿದ ಸೋಪಿಗೆ ಕಂಬಳಿ ಹೊದಿಸಿದರೆ ಒಳಗಿನ ಬಿಸಿಗೆ ಉಬ್ಬಿ ಸೀಳುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಮಾಡಿ, ಸೋಡಾ ನೀರು ಚೆನ್ನಾಗಿ ಆರುವವರೆಗೆ ಕಾಯಿರಿ, ಅಚ್ಚನ್ನು ನೆರಳಲ್ಲಿ ಸುಮ್ನೆ ಬಿಡಿ. ನಮ್ಮ ಒಣ ಹವೆಯಿಂದ ಒಂದು ಲಾಭವೂ ಇದೆ. ರಾಸಾಯನಿಕ ಕ್ರಿಯೆ ಒಂದೆರಡು ದಿನದಲ್ಲಿ ಬಹುತೇಕ ಮುಗಿಯುತ್ತದೆ, ಆಮೇಲಿನ ನಾಲ್ಕರಿಂದ ಆರು ವಾರ ಸೋಪು ಒಣಗಿ ಗಟ್ಟಿಯಾಗಲು, ಅದಕ್ಕೆ ಈ ಹವೆ ಒಳ್ಳೆಯದು.

ಇನ್ನು ನೀರು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಬೋರ್ ನೀರು ಗಡಸು, ಬಕೆಟ್ಟಿಗೆ ಬಿಳಿ ಕಲೆ ಕಟ್ಟುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತವೆ. ಆ ಗಸಿ ಆಗಿ ಮುಗಿದ ಮೇಲೆಯೇ ನೊರೆ. ಮನೆಯ ಸೋಪು ನೊರೆಯೇ ಬರುವುದಿಲ್ಲ ಎಂದು ಬೇಸರ ಪಡುವವರು ಮೊದಲು ಅದೇ ಸೋಪನ್ನು ಫಿಲ್ಟರ್ ನೀರಲ್ಲಿ ಉಜ್ಜಿ ನೋಡಲಿ. ಸೋಡಾ ಕರಗಿಸಲು ಬೋರ್ ನೀರು ಬೇಡ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಬಳಸಿ. ಗಡಸು ನೀರಿನ ಊರಿನವರು ಸೋಪಿನ ಮಿಶ್ರಣಕ್ಕೆ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ ಹಾಕಿದರೆ ಗಸಿ ಕಡಿಮೆಯಾಗುತ್ತದೆ, ಇದು ನಿಜ. ಆದರೆ 1 ಗ್ರಾಂ ಸಿಟ್ರಿಕ್ ಆಮ್ಲ ತಾನೇ ಸುಮಾರು 0.62 ಗ್ರಾಂ ಸೋಡಾ ತಿಂದುಬಿಡುತ್ತದೆ. ಅಷ್ಟನ್ನು ಸೇರಿಸಿ ಎಂದು ಹೇಳದೆ ಬರೀ ನಿಂಬೆರಸ ಹಿಂಡಿ ಎನ್ನುವವರಿಗೆ ಲೆಕ್ಕ ಗೊತ್ತಿಲ್ಲ ಎಂದೇ ತಿಳಿಯಿರಿ.

ಅದೇ ಸಾಲಿನಲ್ಲಿ ಇನ್ನೊಂದು ಸುಳ್ಳು, ಮನೆ ಸೋಪಿನ ಪಿಎಚ್ (ಆಮ್ಲವೋ ಕ್ಷಾರವೋ ಎಂದು ಅಳೆಯುವ ಅಂಕಿ) 5.5 ಎನ್ನುವುದು. ನಿಜವಾದ ಸೋಪಿನ ಪಿಎಚ್ 9ರಿಂದ 10ರ ಆಸುಪಾಸು ಇರುತ್ತದೆ, 5.5ಕ್ಕೆ ಇಳಿಸಿದರೆ ಸೋಪು ಮತ್ತೆ ಕೊಬ್ಬಿನಾಮ್ಲವಾಗಿ ಒಡೆಯುತ್ತದೆ. ಅರಿಶಿನವನ್ನು ಸೋಡಾ ಇರುವ ಮಿಶ್ರಣಕ್ಕೆ ಹಾಕಿದರೆ ಕೆಂಪಗಾಗುತ್ತದೆ, ಆರತಿ ನೀರಿಗೆ ಸುಣ್ಣ ಬಿದ್ದಾಗ ಆಗುವುದೂ ಅದೇ. ಆ ಕ್ಷಾರದಲ್ಲಿ ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ನಾಶವಾಗುತ್ತದೆ. ಹಾಗಾಗಿ ಅರಿಶಿನದ ಸೋಪಿಗೆ ಔಷಧಿ ಗುಣ ಕಟ್ಟಿ ಹೇಳುವವರನ್ನು ನಾನು ನಂಬುವುದಿಲ್ಲ.

ಸುರಕ್ಷತೆಯ ಮಾತು ಬರೆಯದ ರೆಸಿಪಿ ಎಷ್ಟು ಚಂದ ಇದ್ದರೂ ಬೇಡ. ಯಾವಾಗಲೂ ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಕುದಿದು ಎಗರುತ್ತದೆ. ಮಿಶ್ರಣ 80-90 ಡಿಗ್ರಿಗೆ ಏರಬಹುದು. ಜರ್ಮನ್ ಪಾತ್ರೆ, ಅಂದರೆ ಅಲ್ಯೂಮಿನಿಯಂ, ಖಂಡಿತ ಬೇಡ. ಸೋಡಾ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲ್ ಪಾತ್ರೆ, ಕನ್ನಡಕ, ಕೈಗವಸು, ತೆರೆದ ಕಿಟಕಿ ಇರಲಿ. ಸೋಡಾ ನೀರು ನೋಡಲು ಕುಡಿಯುವ ನೀರಿನಂತೆಯೇ ಇರುತ್ತದೆ, ಅದನ್ನು ಲೋಟದಲ್ಲಿ, ನೀರಿನ ಬಾಟಲಿಯಲ್ಲಿ ಒಂದು ನಿಮಿಷವೂ ಇಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ. ಮೈಗೆ ಬಿದ್ದರೆ ವಿನೆಗರ್, ನಿಂಬೆ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೂ ಮೊದಲು ಹಾಗೇ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಕ್ಷಾರ ಕಣ್ಣಿನ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು, ಅದು ಇನ್ನೊಮ್ಮೆ ಗಂಟಲು ಸುಡುತ್ತದೆ.

ಎಲ್ಲಿಂದ ಕಲಿಯಬೇಕು? ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಕಾರ್ಬನ್ ಪಾಠದಿಂದ ಶುರು ಮಾಡಿ, ಸೋಪು ಕೊಳೆ ತೆಗೆಯುವ ಬಗೆಯೂ ಗಡಸು ನೀರಿನ ಕಥೆಯೂ ಅಲ್ಲಿದೆ, ಕನ್ನಡದಲ್ಲೇ ಇದೆ. ಇಂಗ್ಲಿಷ್ ಓದುವವರಿಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕ ಕೆವಿನ್ ಡನ್ 2010ರಲ್ಲಿ ತಂದ ಸೋಪಿನ ಪುಸ್ತಕ ಬಹಳ ಗಟ್ಟಿ, ಯಾಕೆಂದರೆ ಹೇಳಿದ್ದನ್ನೆಲ್ಲ ಅಳೆದು ತೋರಿಸುತ್ತದೆ. ಹತ್ತಿರದ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರನ್ನು ಕೇಳಿ, ನಿಮ್ಮ ಲೆಕ್ಕದ ಹಾಳೆ ತೋರಿಸಿದರೆ ಖುಷಿಯಿಂದ ನೋಡಿಕೊಡುವವರು ಸಿಗುತ್ತಾರೆ. ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಲ್ಲೂ ಸೋಪಿನ ತರಬೇತಿ ಇದೆಯೇ ಎಂದು ವಿಚಾರಿಸಿ. ಅಲ್ಲಿಯೂ ಇದೇ ಪ್ರಶ್ನೆ ಕೇಳಿ, ಈ ಎಣ್ಣೆಗೆ ಇಷ್ಟೇ ಸೋಡಾ ಎಂದು ಹೇಗೆ ಲೆಕ್ಕ ಹಾಕಿದಿರಿ?

ಮನೆ ಬಳಕೆಗೆ ಮಾಡುವುದು ಬೇರೆ, ಮಾರುವುದು ಬೇರೆ. ಸ್ವಸಹಾಯ ಸಂಘದ ಅಕ್ಕಂದಿರು ಸೋಪು ಮಾಡಿ ಸಂತೆಯಲ್ಲಿ ಮಾರಲು ಹೊರಟರೆ 2020ರ ಕಾಸ್ಮೆಟಿಕ್ಸ್ ನಿಯಮಗಳು ಅನ್ವಯಿಸುತ್ತವೆ. ಮಾರಾಟಕ್ಕೆ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಲೈಸೆನ್ಸ್ ಬೇಕು. ಅಚ್ಚು, ಪ್ಯಾಕಿಂಗ್ ಕವರ್‌ಗೆ ಖರ್ಚು ಮಾಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.