ನಿಂತುಹೋದ ಅಂಚೆ, ಮುಂದುವರಿದ ಕಥೆ: ಯುರೋಪಿನ ಕಾಮಿಕ್ಸ್‌ನಲ್ಲಿ ಅಮೆರಿಕದ ನಕಲು

ಯುರೋಪಿನ ಹಳೆಯ ಅದ್ಭುತ ಸಾಹಸದ ಕಾಮಿಕ್ಸ್‌ಗಳನ್ನು ಅಮೆರಿಕದ ಪುಟಗಳ ಪಕ್ಕದಲ್ಲಿಟ್ಟು ನೋಡಿದರೆ, ನಾಯಕ ಕತ್ತಿ ಎತ್ತಿ ನಿಲ್ಲುವ ಭಂಗಿ, ರಾಕೆಟ್ಟಿನ ಮೂತಿ, ದುಷ್ಟ ಚಕ್ರವರ್ತಿಯ ನಿಲುವಂಗಿ ಎಲ್ಲವೂ ಅಮೆರಿಕದ ಚಿತ್ರಗಾರ ಅಲೆಕ್ಸ್ ರೇಮಂಡ್ ಅವರ ಗ್ರಹಾಂತರ ಸಾಹಸದ ಸರಣಿ ‘ಫ್ಲ್ಯಾಶ್ ಗಾರ್ಡನ್’ನಿಂದ ಬಂದಿರುವುದು ಎದ್ದು ಕಾಣುತ್ತದೆ. ಹಾಗೆ ಗುರುತಿಸಿದವರು ಮರುಕ್ಷಣವೇ ಕಲಾವಿದನಿಗೆ ಕಳ್ಳನ ಪಟ್ಟ ಕಟ್ಟಿಬಿಡುವುದುಂಟು. ಆದರೆ ಆ ನಕಲುಗಳಲ್ಲಿ ಹೆಸರಾಂತ ಹಲವನ್ನು ಮಾಡಿಸಿದ್ದು ಪ್ರಕಾಶಕರ ಲೆಕ್ಕಾಚಾರ, ಸರ್ಕಾರಗಳ ನಿಷೇಧ ಮತ್ತು ಯುದ್ಧ.

‘ಫ್ಲ್ಯಾಶ್ ಗಾರ್ಡನ್’ 1934ರ ಜನವರಿ 7ರಂದು ಆರಂಭವಾಯಿತು. ಅದೂ ಸ್ವಯಂಭುವಾಗಿರಲಿಲ್ಲ, 1929ರಿಂದ ಪತ್ರಿಕೆಗಳಲ್ಲಿ ಜನಪ್ರಿಯವಾಗಿದ್ದ ‘ಬಕ್ ರೋಜರ್ಸ್’ಗೆ ಎದುರಾಳಿಯಾಗಿ ಹಲವು ಪತ್ರಿಕೆಗಳಿಗೆ ಕಾಮಿಕ್ಸ್ ಮಾರುವ ಕಿಂಗ್ ಫೀಚರ್ಸ್ ಸಿಂಡಿಕೇಟ್ ಸಂಸ್ಥೆ ಅದನ್ನು ರೂಪಿಸಿತ್ತು. ಸಿಂಡಿಕೇಟಿನ ಸರಣಿಗಳ ಖರ್ಚು ಅಮೆರಿಕದ ಪತ್ರಿಕೆಗಳಿಂದಲೇ ಹುಟ್ಟುತ್ತಿದ್ದುದರಿಂದ, ಸ್ಥಳೀಯ ಕಲಾವಿದನಿಗೆ ಹೊಸ ಪುಟಕ್ಕೆ ಸಂಭಾವನೆ ಕೊಡುವುದಕ್ಕಿಂತ ಅಗ್ಗವಾಗಿ ಅವನ್ನು ಯುರೋಪಿನಲ್ಲಿ ಮಾರಬಹುದಿತ್ತು. 1934ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಪಾಲ್ ವಿಂಕ್ಲರ್ ‘ಲ ಜೂರ್ನಾಲ್ ದ ಮಿಕಿ’ಯನ್ನೂ ಫ್ಲಾರೆನ್ಸ್‌ನ ನೆರ್ಬಿನಿ ಸಂಸ್ಥೆ ‘ಲಾವೆಂತುರೋಸೊ’ ವಾರಪತ್ರಿಕೆಯನ್ನೂ ಹೊರತಂದವು. ಎರಡನೆಯದರಲ್ಲಿ ಫ್ಲ್ಯಾಶ್ ಗಾರ್ಡನ್ ಮೊದಲ ಸಂಚಿಕೆಯಿಂದಲೇ ಇದ್ದ. ಓದುಗರ ಕಣ್ಣು ಅದಕ್ಕೆ ಒಗ್ಗಿದ ಮೇಲೆ, ಬೇರೆ ರೀತಿಯಲ್ಲಿ ಬರೆಯುವ ಚಿತ್ರಗಾರನ ಪಾಡು ಕಷ್ಟದ್ದಾಯಿತು.

ಇಟಲಿಯ ಫ್ಯಾಸಿಸ್ಟ್ ಸರ್ಕಾರ 1938ರಲ್ಲಿ ಅಮೆರಿಕದ ಕಾಮಿಕ್ಸ್‌ಗಳ ಮೇಲೆ ನಿಷೇಧ ಹೇರಿತು. ಆ ದಿನಗಳಲ್ಲಿ ‘ಫ್ಲ್ಯಾಶ್ ಗಾರ್ಡನ್’ನ ಮುಂದುವರಿಕೆಯನ್ನು ತಾನೇ ಬರೆದೆನೆಂದು ಚಲನಚಿತ್ರ ನಿರ್ದೇಶಕ ಫೆಡೆರಿಕೊ ಫೆಲಿನಿ ಮುಂದೆ ಹೇಳಿಕೊಂಡರು. ಅದಕ್ಕೆ ಪುರಾವೆಯಾಗುವ ಪುಟಗಳು ಸಿಕ್ಕಿಲ್ಲ. ಫೆಲಿನಿ ಕಥೆ ಕಟ್ಟುವುದರಲ್ಲಿ ಪಳಗಿದವರೆಂಬುದನ್ನೂ ನೆನಪಿಡಬೇಕು.

ಬೆಲ್ಜಿಯಂನಲ್ಲಿ ನಡೆದದ್ದಕ್ಕೆ ಪುಟಗಳೇ ಸಾಕ್ಷಿ. ಜರ್ಮನ್ನರ ಆಕ್ರಮಣದಲ್ಲಿದ್ದ ಬ್ರಸೆಲ್ಸ್‌ನ ‘ಬ್ರಾವೊ’ ವಾರಪತ್ರಿಕೆಗೆ, ಅಮೆರಿಕ ಯುದ್ಧಕ್ಕಿಳಿದ ಮೇಲೆ, ‘ಫ್ಲ್ಯಾಶ್ ಗಾರ್ಡನ್’ನ ಹೊಸ ಕಂತುಗಳು ಬರುವುದು ನಿಂತುಹೋಯಿತು. ಕಥೆಯನ್ನು ಅರ್ಧಕ್ಕೆ ಬಿಡಲಾಗದೆ ಸಂಪಾದಕರು ಎಡ್ಗರ್ ಪಿ. ಜಾಕೋಬ್ಸ್ ಅವರಿಗೆ ಅದನ್ನು ಮುಂದುವರಿಸಲು ಹೇಳಿದರು. ಒಪೆರಾದಲ್ಲಿ ಹಾಡುತ್ತಿದ್ದ, ಹೊಟ್ಟೆಪಾಡಿಗೆ ಚಿತ್ರ ಬರೆಯುತ್ತಿದ್ದ ಜಾಕೋಬ್ಸ್ 1942ರಲ್ಲಿ ರೇಮಂಡ್ ಅವರ ರೇಖೆ, ನೆರಳು, ವೇಷಭೂಷಣಗಳನ್ನೆಲ್ಲ ಅನುಕರಿಸಿ ಕೆಲವು ವಾರ ಕಥೆಯನ್ನು ದೂಡಿದರು. ಅಷ್ಟರಲ್ಲಿ ಜರ್ಮನ್ ಸೆನ್ಸಾರ್ ಅದನ್ನೂ ತಡೆಯಿತು. ಪುಟವನ್ನು ತುಂಬಲು ಅವರು 1943ರಲ್ಲಿ ಆರಂಭಿಸಿದ ಸ್ವಂತ ಕಥೆಯೇ ‘ಲ ರೆಯೋಂ ಯು’. ಅಪರೂಪದ ಖನಿಜವೊಂದನ್ನು ಹುಡುಕುತ್ತ ಡೈನೊಸಾರ್‌ಗಳಿರುವ ಕಾಡಿಗೆ ಹೊರಡುವ ಈ ತಂಡದಲ್ಲಿ ಫ್ಲ್ಯಾಶ್‌ನ ಜಾಗದಲ್ಲಿ ಲಾರ್ಡ್ ಕಾಲ್ಡರ್, ಅವನ ಪ್ರೇಯಸಿ ಡೇಲ್‌ಳ ಜಾಗದಲ್ಲಿ ಸಿಲ್ವಿಯಾ, ವಿಜ್ಞಾನಿ ಡಾಕ್ಟರ್ ಜಾರ್ಕೊವ್‌ನ ಜಾಗದಲ್ಲಿ ಗಡ್ಡದ ಪ್ರೊಫೆಸರ್ ಮರ್ದುಕ್ ಇದ್ದಾರೆ. ಮಾತಿನ ಗುಳ್ಳೆಗಳಿಲ್ಲದೆ, ಕಥೆಯನ್ನು ಚಿತ್ರದ ಕೆಳಗೆ ಅಚ್ಚು ಹಾಕುವ ಪದ್ಧತಿಯನ್ನೇ ಮೊದಲ ಮುದ್ರಣ ಅನುಸರಿಸಿತ್ತು.

ಸಾಲ ತಂದ ಈ ಮುಖಗಳು ಅಲ್ಲಿಗೇ ನಿಲ್ಲಲಿಲ್ಲ. 1946ರ ಸೆಪ್ಟೆಂಬರ್ 26ರಂದು ‘ಟಿನ್‌ಟಿನ್’ ವಾರಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಜಾಕೋಬ್ಸ್ ಅವರ ಹೊಸ ಸರಣಿಯ ನಾಯಕರಾದ ಬ್ಲೇಕ್ ಮತ್ತು ಮಾರ್ಟಿಮರ್ ಕಾಣಿಸಿಕೊಂಡಾಗ, ಮಾರ್ಟಿಮರ್‌ನ ಗಡ್ಡ ಮರ್ದುಕ್‌ನನ್ನೂ ಖಳನಾಯಕ ಓಲ್ರಿಕ್ ಹಿಂದಿನ ಕಥೆಯ ಖಳ ಡಾಗನ್‌ನನ್ನೂ ನೆನಪಿಸುತ್ತಿದ್ದವು. ಬೆಲ್ಜಿಯಂನ ಹೆಮ್ಮೆಯೆನಿಸಿದ ಸರಣಿಯ ಬೇರು ತುಂಡಾದ ಅಮೆರಿಕನ್ ಧಾರಾವಾಹಿಯೊಂದರಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

ಪ್ಯಾರಿಸ್‌ನ ಪ್ರಸಂಗ ಇದಕ್ಕಿಂತ ಇಕ್ಕಟ್ಟಿನದು. 1943ರಲ್ಲಿ ಆರಂಭವಾದ, ನಾಜಿಪರವಾದ ಮಕ್ಕಳ ಪತ್ರಿಕೆ ‘ಲ ತೆಮೆರೇರ್’ ಕೂಡ ಓದುಗರನ್ನು ಸೆಳೆಯಲು ಆಶ್ರಯಿಸಿದ್ದು ಫ್ಲ್ಯಾಶ್ ಗಾರ್ಡನ್‌ನ ಅಚ್ಚನ್ನೇ. ಅಲ್ಲಿ ಒಗ್ಯುಸ್ತ್ ಲಿಕ್ವಾ ಆರಂಭಿಸಿದ ಗ್ರಹಾಂತರ ಸಾಹಸವನ್ನು ಮುಂದುವರಿಸಿದ ರೇಮೊಂ ಪೊಯಿವೆ, 1945ರ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟರ ‘ವಾಯಾಂ’ ಪತ್ರಿಕೆಗಾಗಿ ‘ಲೆ ಪಯೊನಿಯೆ ದ ಲೆಸ್ಪೆರಾನ್ಸ್’ ಎಂಬ ಮತ್ತೊಂದು ಗ್ರಹಾಂತರ ಸಾಹಸಕ್ಕೆ ಕೈಹಾಕಿದರು. ರಾಜಕೀಯ ಪೂರ್ತಿ ತಿರುಗಿತ್ತು. ರೇಮಂಡ್ ಅವರ ಪ್ರಭಾವ ಮಾತ್ರ ಹಾಗೆಯೇ ಉಳಿದಿತ್ತು.

ಬ್ರಿಟನ್ನಿನಲ್ಲಿ ಇದೇ ಕೊರತೆಗೆ ನ್ಯಾಯಾಲಯ ಕಾರಣವಾಯಿತು. ಕ್ಯಾಪ್ಟನ್ ಮಾರ್ವೆಲ್ ಸೂಪರ್‌ಮ್ಯಾನ್‌ನ ನಕಲೆಂದು ಅಮೆರಿಕದಲ್ಲಿ ನಡೆದ ದೀರ್ಘ ವ್ಯಾಜ್ಯದ ಬಳಿಕ ಫಾಸೆಟ್ ಸಂಸ್ಥೆ 1953ರಲ್ಲಿ ಆ ನಾಯಕನನ್ನು ಕೈಬಿಟ್ಟಿತು. ಅದನ್ನು ಮರುಮುದ್ರಿಸಿ ಲಾಭ ಮಾಡುತ್ತಿದ್ದ ಲಂಡನ್ನಿನ ಪ್ರಕಾಶಕ ಲೆನ್ ಮಿಲ್ಲರ್, ಬದಲಿ ನಾಯಕನನ್ನು ಒದಗಿಸಲು ಮಿಕ್ ಆಂಗ್ಲೊ ಅವರಿಗೆ ಹೇಳಿದರು. 1954ರಲ್ಲಿ ಬಂದ ಮಾರ್ವೆಲ್‌ಮ್ಯಾನ್‌ನದು ನೀಲಿ ಉಡುಪು, ಹೊಂಬಣ್ಣದ ಕೂದಲು. ಕ್ಯಾಪ್ಟನ್ ಮಾರ್ವೆಲ್‌ಗೆ ಶಕ್ತಿ ಕೊಡುತ್ತಿದ್ದ ‘ಶಜಾಮ್’ ಎಂಬ ಮಂತ್ರದ ಬದಲು, ‘ಅಟಾಮಿಕ್’ ಎಂಬುದನ್ನು ತಿರುಗಿಸಿದ ‘ಕಿಮೋಟಾ’. ನಕಲೆಂಬ ಆರೋಪಕ್ಕೆ ಬಲಿಯಾದ ನಾಯಕನದೇ ನಕಲಾಗಿದ್ದ ಇವನು 1963ರವರೆಗೆ ನಡೆದ. 1982ರಲ್ಲಿ ಆಲನ್ ಮೂರ್ ಅವನನ್ನು ಮತ್ತೆ ಎಬ್ಬಿಸಿ ಬರೆದ ಕಥೆಗಳು 1985ರಲ್ಲಿ ಅಮೆರಿಕಕ್ಕೆ ಹೋದಾಗ, ಮಾರ್ವೆಲ್ ಕಾಮಿಕ್ಸ್‌ನ ಆಕ್ಷೇಪದಿಂದಾಗಿ ನಾಯಕನ ಹೆಸರು ಮಿರಾಕಲ್‌ಮ್ಯಾನ್ ಎಂದಾಯಿತು. 2009ರಲ್ಲಿ ಅವನ ಹಕ್ಕುಗಳನ್ನು ಆಂಗ್ಲೊ ಅವರಿಂದ ಕೊಂಡದ್ದೂ ಅದೇ ಮಾರ್ವೆಲ್.