ಬಣ್ಣಕ್ಕಿಂತ ಮೊದಲು ಹೆಗಲು

ಗಂಡಸರ ಉಡುಪನ್ನು ಕತ್ತರಿಸಿ ಹೊಲಿಯುವ ಕಸುಬಿನಲ್ಲಿರುವ ನನ್ನಂಥವರಿಗೆ ಕಳೆದ ಕೆಲವು ವರ್ಷಗಳಿಂದ ಗಿರಾಕಿಗಳ ಮೊದಲ ಪ್ರಶ್ನೆಯೇ ಬೇರೆಯಾಗಿ ಕೇಳಿಸುತ್ತಿದೆ. ಹಿಂದೆ ಸೂಟು ಹೊಲಿಸಲು ಬಂದವರು ಕಪ್ಪು ಒಳ್ಳೆಯದೋ ಕಡುನೀಲಿ ಒಳ್ಳೆಯದೋ ಎಂದು ವಿಚಾರಿಸಿ, ಎರಡರಲ್ಲಿ ಯಾವುದು ಕಡಿಮೆ ಕಣ್ಣಿಗೆ ಬೀಳುತ್ತದೋ ಅದನ್ನು ಆರಿಸಿಕೊಳ್ಳುತ್ತಿದ್ದರು. ಈಗಿನವರು ನೇರಳೆ ವೆಲ್ವೆಟ್ಟಿನ ಜಾಕೆಟ್ಟನ್ನೋ ಅಂಗೈಯಗಲದ ಲ್ಯಾಪೆಲ್ (ಎದೆಯ ಮೇಲೆ ಹೊರಕ್ಕೆ ಮಡಚಿದ ಅಂಚು) ಇರುವ ಕೋಟನ್ನೋ ಫೋನಿನಲ್ಲಿ ತೋರಿಸಿ, ಇಂಥದ್ದು ತನಗೆ ಒಪ್ಪೀತೇ ಎಂದು ಕೇಳುತ್ತಾರೆ. ನಾನು ಆ ಚಿತ್ರವನ್ನು ಪಕ್ಕಕ್ಕಿಡಿಸಿ ಅವರ ಹೆಗಲನ್ನು ನೋಡಲು ತೊಡಗಿದಾಗ ಹಲವರಿಗೆ ಸ್ವಲ್ಪ ನಿರಾಶೆಯಾಗುವುದುಂಟು. ಏಕೆ ಹಾಗೆ ಮಾಡುತ್ತೇನೆಂದು ವಿವರಿಸಲು ಕೊಂಚ ಹಿಂದಕ್ಕೆ ಹೋಗಬೇಕು.

ಗಂಡಸು ಸಾದಾ ಬಟ್ಟೆಯಲ್ಲಿರಬೇಕೆಂಬ ನಿಯಮಕ್ಕೆ ಪಶ್ಚಿಮ ದೇಶಗಳಲ್ಲಿ ಇನ್ನೂರು ಚಿಲ್ಲರೆ ವರ್ಷಗಳ ಪ್ರಾಯ ಮಾತ್ರ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಗಂಡಸರು ಕೆಂಪು ಹಿಮ್ಮಡಿಯ ಪಾದರಕ್ಷೆ, ಕಸೂತಿಯ ರೇಷ್ಮೆ, ಲೇಸು, ರಿಬ್ಬನ್ನುಗಳಲ್ಲಿ ಮೆರೆಯುತ್ತಿದ್ದರು ಮತ್ತು ಅದರಿಂದ ಅವರ ಗಂಡಸುತನಕ್ಕೆ ಕುಂದು ಬಂತೆಂದು ಯಾರೂ ಭಾವಿಸಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ, ಕ್ರಾಂತಿಯ ನಂತರ ಅರಮನೆಯ ರೇಷ್ಮೆ ಅಪಾಯಕಾರಿಯಾಗಿ, ವ್ಯಾಪಾರ ಮತ್ತು ಕಚೇರಿಗಳಲ್ಲಿ ದುಡಿಯುವ ವರ್ಗಕ್ಕೆ ಸಾದಾ ಬಟ್ಟೆಯೇ ವಿಶ್ವಾಸಾರ್ಹತೆಯ ಗುರುತಾದ ಮೇಲೆ, ಗಂಡಸರು ಅಲಂಕಾರವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೆಂಗಸರಿಗೆ ಬಿಟ್ಟುಕೊಟ್ಟರು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ಲೂಗೆಲ್ 1930ರಲ್ಲಿ ಈ ಪಲ್ಲಟವನ್ನು ಪುರುಷರ ಮಹಾತ್ಯಾಗವೆಂದು ಕರೆದರು.

ಆ ತಿರುವಿನಲ್ಲಿ ನಿಂತಿರುವವನು ಲಂಡನ್ನಿನ ಬ್ಯೂ ಬ್ರಮ್ಮೆಲ್ (1778–1840). ಸೊಗಸುಗಾರರ ಆದಿಪುರುಷನೆಂದು ಅವನನ್ನು ಕರೆಯುವ ರೂಢಿ ಇರುವುದರಿಂದ, ಅವನು ಬಣ್ಣಬಣ್ಣದ ಬಟ್ಟೆ ತೊಟ್ಟು ಮೆರೆದಿರಬೇಕೆಂದು ಅನೇಕರು ಊಹಿಸುತ್ತಾರೆ. ವಾಸ್ತವದಲ್ಲಿ ಅವನು ತೊಡುತ್ತಿದ್ದುದು ಕಡುನೀಲಿ ಉಣ್ಣೆಯ ಕೋಟು, ತಿಳಿ ಬಣ್ಣದ ಷರಾಯಿ ಮತ್ತು ಗಂಜಿ ಹಾಕಿದ ಬಿಳಿಯ ಕೊರಳವಸ್ತ್ರ, ಅಷ್ಟೆ. ಅವನ ಹಿರಿಮೆ ಇದ್ದದ್ದು ಬಟ್ಟೆ ಮೈಮೇಲೆ ಕೂತ ರೀತಿಯಲ್ಲಿ. ರೇಷ್ಮೆಯ ಮೇಲೆ ದಟ್ಟ ಕಸೂತಿ ಇದ್ದಾಗ ಕಟಿಂಗಿನ ತಪ್ಪು ಅದರಡಿ ಮುಚ್ಚಿಹೋಗುತ್ತಿತ್ತು; ಸಾದಾ ಉಣ್ಣೆಬಟ್ಟೆಯಲ್ಲಿ ಒಂದು ಸುಕ್ಕಿಗೂ ಅಡಗಲು ಜಾಗವಿಲ್ಲ. ಅದೇ ಉಣ್ಣೆಗೆ ರೇಷ್ಮೆಗಿಲ್ಲದ ಒಂದು ಗುಣವೂ ಇದೆ: ಹಬೆ ಕೊಟ್ಟು ಇಸ್ತ್ರಿಯಿಂದ ಒತ್ತಿದರೆ ಒಂದೆಡೆ ಹಿಗ್ಗಿಸಬಹುದು, ಇನ್ನೊಂದೆಡೆ ಕುಗ್ಗಿಸಬಹುದು, ಹೀಗೆ ಚಪ್ಪಟೆ ಬಟ್ಟೆಗೆ ಎದೆಯ ಉಬ್ಬನ್ನೂ ಬೆನ್ನಿನ ಬಾಗನ್ನೂ ತರಬಹುದು. ಲಂಡನ್ನಿನ ದರ್ಜಿಗಳು ಆ ಕಾಲದಲ್ಲಿ ಪಳಗಿಸಿಕೊಂಡ ಈ ಕೈಚಳಕವೇ ಇಂದಿಗೂ ನಮ್ಮ ವಿದ್ಯೆಯ ತಳಹದಿ. ಬ್ರಮ್ಮೆಲ್ ಮಾತ್ರ ಸಾಲಗಾರರಿಗೆ ಹೆದರಿ 1816ರಲ್ಲಿ ಫ್ರಾನ್ಸಿಗೆ ಓಡಿಹೋದ. ಅವನ ದರ್ಜಿಗಳ ಬಾಕಿ ಏನಾಯಿತೋ ಎಂಬ ಚಿಂತೆ ಬಹುಶಃ ನಮ್ಮ ಕಸುಬಿನವರನ್ನು ಬಿಟ್ಟರೆ ಬೇರೆಯವರಿಗೆ ಬರಲಾರದು.

ಈಗ ಮರಳಿ ಬರುತ್ತಿರುವ ಬಣ್ಣ ಮತ್ತು ಬೆಡಗು ಈ ಕಟಿಂಗಿನ ಮೇಲೆಯೇ ಬಂದು ಕೂರಬೇಕಾಗಿದೆ. ಚೆನ್ನಾಗಿ ಕೂರದ ಕಡುನೀಲಿ ಕೋಟನ್ನು ಯಾರೂ ಗಮನಿಸುವುದಿಲ್ಲ. ಚೆನ್ನಾಗಿ ಕೂರದ ಸಾಸಿವೆಹಳದಿ ಕೋಟನ್ನು ಎಲ್ಲರೂ ಗಮನಿಸುತ್ತಾರೆ, ಏಕೆಂದರೆ ಬಣ್ಣವೇ ಅವರ ಕಣ್ಣನ್ನು ಅಲ್ಲಿಗೆ ಕರೆದೊಯ್ದಿರುತ್ತದೆ. ಬಹುಪಾಲು ಜನರ ಎರಡು ಹೆಗಲುಗಳು ಸಮನಾಗಿರುವುದಿಲ್ಲ. ಸಾದಾ ಬಟ್ಟೆಯಲ್ಲಿ ಕಾಣದ ಈ ಏರುಪೇರು ದೊಡ್ಡ ಚೌಕುಳಿಯ ಬಟ್ಟೆಯಲ್ಲಿ ಅಡ್ಡಗೆರೆಗಳು ಓರೆಯಾದ ಕೂಡಲೇ ಬಯಲಾಗುತ್ತದೆ. ಆದ್ದರಿಂದ ತಗ್ಗಾದ ಕಡೆಗೆ ತೆಳುವಾದ ಪ್ಯಾಡ್ ಇಟ್ಟು ಸರಿದೂಗಿಸುತ್ತೇನೆ. ಹೆಗಲಿನ ಹೊಲಿಗೆ ಹೆಗಲ ಮೂಳೆಯ ತುದಿಯಲ್ಲಿ ಮುಗಿದು ತೋಳು ಅಲ್ಲಿಂದ ತಡೆಯಿಲ್ಲದೆ ಇಳಿಯಬೇಕು. ತೋಳು ಕೂಡುವ ಆರ್ಮ್‌ಹೋಲ್ ದೊಡ್ಡದಾಗಿದ್ದರೆ ಕೈ ಸಲೀಸಾಗಿ ಆಡುತ್ತದೆಂದು ಗಿರಾಕಿಗಳು ನಂಬಿರುತ್ತಾರೆ, ಆದರೆ ಅನುಭವ ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು: ಕಂಕುಳಿಗೆ ಹತ್ತಿರವಾಗಿ ಚಿಕ್ಕದಾಗಿ ಕತ್ತರಿಸಿದಾಗ ಕೈಯೊಂದೇ ಮೇಲೇಳುತ್ತದೆ, ದೊಡ್ಡದಾಗಿದ್ದರೆ ಕೈಯೊಡನೆ ಇಡೀ ಕೋಟೂ ಏಳುತ್ತದೆ.

ಅಗಲ ಲ್ಯಾಪೆಲ್ಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹತ್ತು ಹನ್ನೊಂದು ಸೆಂಟಿಮೀಟರ್ ಅಗಲದ ಲ್ಯಾಪೆಲ್ ಕಿರಿದಾದ ಎದೆಯ ಮೇಲೆ ಎರವಲು ತಂದದ್ದರಂತೆ ಕಾಣುತ್ತದೆ. ಎದೆ ಅಗಲವಾಗಿದ್ದರೂ, ಒಳಗೆ ಆಕಾರ ಹಿಡಿಯುವ ಕ್ಯಾನ್ವಾಸ್ ಬಟ್ಟೆ ಇಟ್ಟು ಕೈಯಿಂದ ನೂರಾರು ಸಣ್ಣ ಹೊಲಿಗೆ ಹಾಕಿ ಅದಕ್ಕೆ ಸುರುಳಿ ತರದಿದ್ದರೆ, ಬರೀ ಫ್ಯೂಸಿಂಗ್ ಎಂಬ ಅಂಟಿನ ಒಳಪದರ ಹಚ್ಚಿದ್ದರೆ, ಅದು ರಟ್ಟಿನಂತೆ ಮಲಗುತ್ತದೆ ಮತ್ತು ಕೆಲವು ಸಲ ಡ್ರೈಕ್ಲೀನಿಂಗ್ ಆಗುವಷ್ಟರಲ್ಲಿ ಅಲ್ಲಲ್ಲಿ ಗುಳ್ಳೆ ಏಳಬಹುದು. ಪ್ಯಾಂಟಿನ ಪ್ಲೀಟುಗಳೂ, ಅಂದರೆ ಮುಂಭಾಗದ ಮಡಿಕೆಗಳೂ, ಹೀಗೆಯೇ. ಅವು ಸೊಂಟದ ಮಟ್ಟದಿಂದ ತೂಗಲೆಂದು ಇರುವಂಥವು. ಸೊಂಟದ ಕೆಳಗೆ ಜಾರಿಸಿ ತೊಡುವ ಪ್ಯಾಂಟಿಗೆ ಪ್ಲೀಟ್ ಹಾಕಿಸಿಕೊಂಡವರು ನಿಂತರೂ ಕೂತರೂ ಅವು ಬಾಯಿ ಬಿಟ್ಟುಕೊಂಡೇ ಇರುತ್ತವೆ.

ಅತ್ಯಂತ ಬೆಡಗಿನ ಉಡುಪಿನ ಹಿಂದೆ ಬಟ್ಟೆ ಕತ್ತರಿಸುವ ಅತ್ಯಂತ ಕಟ್ಟುನಿಟ್ಟಿನ ಕಟರ್ ಇರುತ್ತಾನೆಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಟಾಮಿ ನಟರ್ ಅವರದು. 1969ರಲ್ಲಿ ಲಂಡನ್ನಿನ ದರ್ಜಿಗಳ ಹೆಸರಾಂತ ಬೀದಿ ಸ್ಯಾವಿಲ್ ರೋನಲ್ಲಿ ಅಂಗಡಿ ತೆರೆದ ಅವರು ಭಾರೀ ಲ್ಯಾಪೆಲ್ಲುಗಳನ್ನೂ ಒಂದೇ ಸೂಟಿನಲ್ಲಿ ಬೇರೆಬೇರೆ ಚೌಕುಳಿಗಳನ್ನೂ ತಂದು, ಆ ಗಂಭೀರ ಬೀದಿಯನ್ನು ಬೆಚ್ಚಿಬೀಳಿಸಿದರು. ಬೀಟಲ್ಸ್ ತಂಡ ರಸ್ತೆ ದಾಟುತ್ತಿರುವ ಪ್ರಸಿದ್ಧ ಚಿತ್ರದಲ್ಲಿ ನಾಲ್ವರಲ್ಲಿ ಮೂವರು ತೊಟ್ಟಿರುವುದು ನಟರ್ ಅಂಗಡಿಯ ಸೂಟುಗಳೇ. ಜಾರ್ಜ್ ಹ್ಯಾರಿಸನ್ ಒಬ್ಬರು ಡೆನಿಮ್‌ನಲ್ಲಿದ್ದಾರೆ. ಕಲ್ಪನೆ ನಟರ್ ಅವರದಾದರೆ ಕತ್ತರಿ ಎಡ್ವರ್ಡ್ ಸೆಕ್ಸ್‌ಟನ್ ಅವರದು, ಮತ್ತು ಆ ಕತ್ತರಿಯಿಲ್ಲದೆ ಅದೇ ಕಲ್ಪನೆ ವೇಷವಾಗಿ ಉಳಿಯುತ್ತಿತ್ತೆಂದು ನನ್ನ ಅಭಿಪ್ರಾಯ.

ಬೆಡಗಿಗೆ ತನ್ನದೇ ಶಿಸ್ತು ಬೇಕೆಂಬುದನ್ನು ದರ್ಜಿಗಳಿಗಿಂತ ಚೆನ್ನಾಗಿ ಬಲ್ಲವರು ಆಫ್ರಿಕಾದ ಎರಡು ಕಾಂಗೋ ದೇಶಗಳ ರಾಜಧಾನಿಗಳಾದ ಬ್ರಾಜಾವಿಲ್ ಮತ್ತು ಕಿನ್ಶಾಸಾ ನಗರಗಳ ಸಾಪರ್ ಎಂಬ ಸೊಗಸುಗಾರರು. ಗುಲಾಬಿ ಸೂಟು, ಚುಟ್ಟಾ, ಊರುಗೋಲುಗಳೊಂದಿಗೆ ಬೀದಿಯಲ್ಲಿ ನಡೆಯುವ ಇವರು ಒಂದು ಉಡುಪಿನಲ್ಲಿ ಮೂರಕ್ಕಿಂತ ಹೆಚ್ಚು ಬಣ್ಣ ಸೇರಬಾರದೆಂಬ ನಿಯಮ ಪಾಲಿಸುತ್ತಾರೆ. 1970ರ ದಶಕದಲ್ಲಿ ಕಿನ್ಶಾಸಾ ಕಡೆಯ ಕಾಂಗೋವನ್ನು ಆಳುತ್ತಿದ್ದ ಮೊಬುಟು ಆಡಳಿತ ಪಾಶ್ಚಾತ್ಯ ಸೂಟು ಮತ್ತು ಟೈಗಳನ್ನು ತಳ್ಳಿಹಾಕಿ, ಅಬಾಕೋಸ್ಟ್ ಎಂಬ ಟೈಯಿಲ್ಲದ ಜಾಕೆಟ್ಟನ್ನು ಹೇರಿದಾಗ, ಸೂಟು ತೊಡುವುದೇ ಅಲ್ಲಿ ಎದುರುತ್ತರವಾಯಿತು. ಗಾಯಕ ಪಾಪಾ ವೆಂಬಾ ಅವರಿಂದ ಈ ಶೋಕಿ ಜಗತ್ತಿಗೆ ಪರಿಚಯವಾಯಿತು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯ 2025ರಲ್ಲಿ ಕರಿಯ ಜನರ ಸೊಗಸುಗಾರಿಕೆಯ ಕುರಿತು ಏರ್ಪಡಿಸಿದ ಪ್ರದರ್ಶನದ ಹೆಸರಿನಲ್ಲಿ ‘ಸೂಪರ್‌ಫೈನ್’ ಎಂಬ ಪದವಿತ್ತು. ನಮ್ಮಲ್ಲಿ ಅದು ನಯವಾದ ಉಣ್ಣೆಬಟ್ಟೆಯ ಹೆಸರು. ಆದರೆ ಪ್ರದರ್ಶನದ ಹೆಸರಿಗೆ ಆ ಪದ ಬಂದದ್ದು ಇನ್ನೊಂದು ಮೂಲದಿಂದ. ಗುಲಾಮನಾಗಿದ್ದ ಒಲೌಡಾ ಇಕ್ವಿಯಾನೊ ಪುಡಿ ವ್ಯಾಪಾರ ಮಾಡಿ ಹಣ ಕೂಡಿಸಿ 1766ರಲ್ಲಿ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ. ಬಿಡುಗಡೆಯ ದಿನ ತೊಟ್ಟು ಕುಣಿಯಬೇಕೆಂದು ಎಂಟು ಪೌಂಡಿಗೂ ಹೆಚ್ಚು ಹಣ ಕೊಟ್ಟು ಸೂಪರ್‌ಫೈನ್ ಬಟ್ಟೆಯ ಉಡುಪನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದನೆಂದು ಆತ್ಮಕಥೆಯಲ್ಲಿ ಬರೆದಿದ್ದಾನೆ. ಒಳ್ಳೆಯ ಬಟ್ಟೆಯ ಆಸೆಯನ್ನು ಪೊಳ್ಳು ಶೋಕಿ ಎಂದು ಮೂಗು ಮುರಿಯುವವರ ಮುಂದೆ ನಾನು ಈ ಪ್ರಸಂಗವನ್ನು ಇಡುತ್ತೇನೆ.

ಈಗಲೇ ಏಕೆ ಇದು ಮರಳಿತೆಂದರೆ, ಸೂಟಿನ ಮೇಲಿದ್ದ ಕಡ್ಡಾಯದ ಮುದ್ರೆ ಅಳಿಸಿಹೋಯಿತೆಂಬುದು ನನಗೆ ಕಾಣುವ ಮುಖ್ಯ ಕಾರಣ. ಗೋಲ್ಡ್‌ಮನ್ ಸ್ಯಾಕ್ಸ್‌ನಂಥ ಬ್ಯಾಂಕೇ 2019ರಲ್ಲಿ ಉಡುಪಿನ ನಿಯಮ ಸಡಿಲಿಸಿತು, ಮರುವರ್ಷದಿಂದ ಕೋಟ್ಯಂತರ ಜನ ಮನೆಯಿಂದಲೇ ಕೆಲಸ ಮಾಡಿದರು. ಕಚೇರಿಗಾಗಿ ಸೂಟು ಹೊಲಿಸುವವರು ನಮ್ಮಲ್ಲಿಗೆ ಬರುವುದು ಕಡಿಮೆಯಾಯಿತು. ಬರುವವರು ಬೇಕೆಂದೇ ಬರುತ್ತಾರೆ, ಬೇಕೆಂದು ಬಂದವರು ಕಡುನೀಲಿ ಕೇಳುವುದು ಅಪರೂಪ.

ಬೆಡಗಿನ ಬಟ್ಟೆಗಳಲ್ಲಿ ದರ್ಜಿಯನ್ನು ಹೆಚ್ಚು ಸತಾಯಿಸುವುದು ವೆಲ್ವೆಟ್. ಅದರ ನವಿರು ಒಂದೇ ದಿಕ್ಕಿಗೆ ಮಲಗಿರುವುದರಿಂದ ಎಲ್ಲ ಭಾಗಗಳನ್ನೂ ಅದೇ ದಿಕ್ಕಿನಲ್ಲಿ ಕತ್ತರಿಸಬೇಕು, ಹಾಗಾಗಿ ಬಟ್ಟೆಯೂ ಹೆಚ್ಚು ಬೇಕು. ಕಸುಬಿನ ಮೊದಲ ವರ್ಷಗಳಲ್ಲಿ ಬಟ್ಟೆ ಉಳಿಸುವ ಆಸೆಗೆ ಒಂದು ತೋಳನ್ನು ತಿರುಗಿಸಿಟ್ಟು ಕತ್ತರಿಸಿದ್ದೆ. ಟ್ರಯಲ್ ದಿನ ದೀಪದ ಕೆಳಗೆ ನಿಂತಾಗ ಎಡತೋಳು ದ್ರಾಕ್ಷಿಯ ಬಣ್ಣದಲ್ಲೂ ಬಲತೋಳು ಮಸಿಯ ಬಣ್ಣದಲ್ಲೂ ಕಂಡವು, ಹೊಸ ಬಟ್ಟೆ ನನ್ನ ಖರ್ಚಿನಲ್ಲೇ ಬಂತು. ಉಣ್ಣೆಬಟ್ಟೆಯ ನಯದ ಅಂಕಿಗೂ ಮರುಳಾಗಬಾರದು. ಸೂಪರ್ 100 ಎಂದರೆ ಉಣ್ಣೆಯ ಎಳೆ ಹೆಚ್ಚೆಂದರೆ 18.75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪ, ಸೂಪರ್ 150 ಎಂದರೆ 16.25. ಅಂಕಿ ಏರಿದಂತೆ ಬಟ್ಟೆ ನುಣುಪಾಗುತ್ತದೆ, ಜೊತೆಗೆ ಬೇಗ ಸುಕ್ಕಾಗಿ ಬೇಗ ಸವೆಯುತ್ತದೆ. ತುಂಬುಮಡಿಕೆಯ ಪ್ಯಾಂಟಿಗೆ ತೂಕದ ಬಟ್ಟೆಯೇ ಬೇಕು.

ಹೀಗಾಗಿ ನೇರಳೆ ವೆಲ್ವೆಟ್ ಕೇಳಿದವರಿಗೆ ಮೊದಲು ಅಗ್ಗದ ಹತ್ತಿಬಟ್ಟೆಯಲ್ಲಿ ಅದೇ ಕೋಟಿನ ಮಾದರಿ ಹೊಲಿದು ತೊಡಿಸುತ್ತೇನೆ, ಅದರೊಂದಿಗೆ ತೊಡಲಿರುವ ಶೂಗಳನ್ನೇ ಹಾಕಿಕೊಂಡು ಬರಲು ಹೇಳುತ್ತೇನೆ. ನಿಜವಾದ ಬಟ್ಟೆ ಕತ್ತರಿಸುವಾಗ ಮೈ ಬೆಳೆಯುವುದನ್ನು ನೆನೆದು ಬೆನ್ನಿನ ಮತ್ತು ಪಕ್ಕದ ಹೊಲಿಗೆಗಳಲ್ಲಿ ಧಾರಾಳವಾಗಿ ಮಾರ್ಜಿನ್ ಬಿಡುತ್ತೇನೆ. ಹೆಗಲಿನಲ್ಲಿ ಮಾತ್ರ ಮಾರ್ಜಿನ್ ಇಟ್ಟು ಹೆಚ್ಚಿನ ಪ್ರಯೋಜನವಿಲ್ಲ. ಅದನ್ನು ಬಿಚ್ಚಿದರೆ ಕಾಲರನ್ನೂ ತೋಳನ್ನೂ ಬಿಚ್ಚಬೇಕಾಗುತ್ತದೆ, ಆದ್ದರಿಂದ ಕೊನೆಯ ಟ್ರಯಲ್ ಮುಗಿಯುವವರೆಗೂ ಅಲ್ಲಿ ಕಚ್ಚಾ ಹೊಲಿಗೆಯೇ ಇರುತ್ತದೆ.